ಮನೆ ತೆರಿಗೆಯಲ್ಲಿ ಮಾರಿದವರ ಪಾಲೆಷ್ಟು, ಕೊಂಡವರ ಪಾಲೆಷ್ಟು?

ಕಾಸರಗೋಡು, ಮಂಜೇಶ್ವರ ಕಡೆ ಒಂದು ಮನೆ ಕೈ ಬದಲಾಗುವಾಗ ಬೆಲೆಗೆ ತಿಂಗಳುಗಟ್ಟಲೆ ಚೌಕಾಶಿ ನಡೆಯುತ್ತದೆ. ತೆರಿಗೆಯ ಮಾತು ಬರುವುದು ಮಾತ್ರ ಆಧಾರ ಬರೆಯುವವರ ಮೇಜಿನ ಮುಂದೆ, ಕೊನೆಯ ಹತ್ತು ನಿಮಿಷದಲ್ಲಿ. (ಆಧಾರ ಎಂದರೆ ನಮ್ಮಲ್ಲಿ ಕ್ರಯಪತ್ರ. ಕಾರ್ಡಲ್ಲ.) ಅಷ್ಟರಲ್ಲಿ ಹಣ ಎಣಿಸಿಯಾಗಿರುತ್ತದೆ, ಸಾಕ್ಷಿಗಳು ಗಡಿಯಾರ ನೋಡುತ್ತಿರುತ್ತಾರೆ, "ಅದೆಲ್ಲ ಆಮೇಲೆ ನೋಡುವ" ಎಂದು ಎಲ್ಲರೂ ಏಳುತ್ತಾರೆ. ಆ 'ಆಮೇಲೆ' ಬರುವುದು ಪಂಚಾಯತಿನ ಡಿಮಾಂಡ್ ನೋಟೀಸಿನ ರೂಪದಲ್ಲಿ.

ಮೊದಲು ಯಾವ ತೆರಿಗೆ ಯಾವುದು ಎಂದು ಬಿಡಿಸಿಕೊಳ್ಳಬೇಕು. ಎಲ್ಲವನ್ನೂ 'ತೆರಿಗೆ' ಎಂದು ಒಂದೇ ಬಾಯಿಯಲ್ಲಿ ಹೇಳುವುದರಿಂದಲೇ ಅರ್ಧ ಗೊಂದಲ.

ಜಾಗದ ಮೇಲಿನದು ತೀರ್ವೆ. ಅದನ್ನು ವಿಲ್ಲೇಜ್ ಆಫೀಸಿಗೆ ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ವರ್ಷಕ್ಕೆ ಒಮ್ಮೆ ಕಟ್ಟುವುದು. ಮನೆಯ ಮೇಲಿನದು ಮನೆ ತೆರಿಗೆ. ಅದು ಪಂಚಾಯತಿಗೆ ಅಥವಾ ನಗರಸಭೆಗೆ, ಅರ್ಧವರ್ಷದ ಲೆಕ್ಕದಲ್ಲಿ: ಏಪ್ರಿಲ್‌ನಿಂದ ಸೆಪ್ಟೆಂಬರ್ ಒಂದು, ಅಕ್ಟೋಬರ್‌ನಿಂದ ಮಾರ್ಚ್ ಇನ್ನೊಂದು. ಮೂರನೆಯದು ಒಂದೇ ಸಲ ಕಟ್ಟುವ ಕಟ್ಟಡ ತೆರಿಗೆ. 1975ರ ಕೇರಳ ಕಟ್ಟಡ ತೆರಿಗೆ ಕಾಯ್ದೆಯಂತೆ 100 ಚದರ ಮೀಟರ್ ಮೀರಿದ ಮನೆಗೆ ತಾಲೂಕು ಆಫೀಸು ಹಾಕುವಂಥದ್ದು. ಮನೆ ದೊಡ್ಡದಾಗಿ 278.7 ಚದರ ಮೀಟರ್, ಅಂದರೆ 3,000 ಚದರ ಅಡಿ ದಾಟಿದರೆ ನಾಲ್ಕನೆಯದೊಂದು ಇದೆ. ಜನ ಲಕ್ಷುರಿ ಟ್ಯಾಕ್ಸ್ ಎನ್ನುತ್ತಾರೆ, ಅದು ಪ್ರತಿ ವರ್ಷ.

ಈ ನಾಲ್ಕರಲ್ಲಿ ಜಗಳ ಆಗುವುದು ಎರಡನೆಯದಕ್ಕೆ. ಕೈ ಸುಡುವುದು ಮೂರು ಮತ್ತು ನಾಲ್ಕರಿಂದ.

ತೀರ್ವೆಯನ್ನು ಪಾಲು ಮಾಡುವ ಗೋಜಿಗೆ ಹೋಗಬೇಡಿ. ಪಂಚಾಯತು ಪ್ರದೇಶದಲ್ಲಿ 8.1 ಆರ್‌ವರೆಗಿನ ಜಾಗಕ್ಕೆ, ಅಂದರೆ ಸುಮಾರು 20 ಸೆಂಟ್ಸಿಗೆ, 2025ರ ಏರಿಕೆಯ ಬಳಿಕ ದರ ಆರ್‌ಗೆ 7.50 ರೂಪಾಯಿ. 12 ಸೆಂಟ್ಸ್ ಎಂದರೆ 4.86 ಆರ್, ಇಡೀ ವರ್ಷದ ತೀರ್ವೆ ಮೂವತ್ತಾರು ಮೂವತ್ತೇಳು ರೂಪಾಯಿ. ಇದನ್ನು ದಿನದ ಲೆಕ್ಕದಲ್ಲಿ ಹಂಚಲು ಕೂತರೆ ಚಹಾದ ಖರ್ಚು ಅದಕ್ಕಿಂತ ಹೆಚ್ಚಾಗುತ್ತದೆ. ಮಾರುವವರೇ ಆ ವರ್ಷದ ತೀರ್ವೆ ಕಟ್ಟಿ ರಶೀದಿ ಕೊಡುವುದು ರೂಢಿ, ಅದೇ ಸರಿ. ಇಲ್ಲಿ ಬೆಲೆ ಇರುವುದು ಹಣಕ್ಕಲ್ಲ, ರಶೀದಿಗೆ. ಆಧಾರ ಬರೆಯುವವರು ಮೊದಲು ಕೇಳುವ ಕಾಗದ ಚಾಲ್ತಿ ವರ್ಷದ ತೀರ್ವೆ ರಶೀದಿ. ಅದರಲ್ಲಿರುವ ತಂಡಪೇರ್ ನಂಬ್ರ (ವಿಲ್ಲೇಜ್ ಪುಸ್ತಕದಲ್ಲಿ ಜಾಗದ ಒಡೆಯರ ಖಾತೆ ನಂಬ್ರ), ಸರ್ವೆ ನಂಬ್ರ, ವಿಸ್ತೀರ್ಣ ಮೂರೂ ಹಳೆಯ ಆಧಾರದೊಂದಿಗೆ ತಾಳೆಯಾಗಬೇಕು. ಆಧಾರದಲ್ಲಿ ಸೆಂಟ್ಸ್, ರಶೀದಿಯಲ್ಲಿ ಆರ್ ಇರುವುದರಿಂದ ಅನೇಕರು ಹೋಲಿಸಿಯೇ ನೋಡುವುದಿಲ್ಲ. ಸೆಂಟ್ಸನ್ನು 0.4047ರಿಂದ ಗುಣಿಸಿದರೆ ಆರ್ ಸಿಗುತ್ತದೆ, ಮೊಬೈಲಿನಲ್ಲಿ ಹತ್ತು ಸೆಕೆಂಡಿನ ಕೆಲಸ.

ಇನ್ನು ಮನೆ ತೆರಿಗೆ. ಕಾನೂನು ಇಲ್ಲಿ ಸ್ಪಷ್ಟವಾಗಿಯೇ ಇದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ಮಾರಾಟದ ದಿನದವರೆಗೆ ಬಾಕಿಯಾದ ಸರ್ಕಾರಿ ತೆರಿಗೆಗಳೆಲ್ಲ ಮಾರುವವರ ಹೊಣೆ. ಒಡೆತನ ದಾಟಿದ ಮೇಲೆ ಬರುವಂಥದ್ದು ಕೊಳ್ಳುವವರ ಹೊಣೆ. 'ಬೇರೆ ಕರಾರು ಇಲ್ಲದಿದ್ದರೆ' ಎಂಬ ಮಾತಿಗೆ ತೂಕವಿದೆ. ನೀವಿಬ್ಬರೂ ಒಪ್ಪಿ ಬರೆದುಕೊಂಡರೆ ಹೇಗೆ ಬೇಕಾದರೂ ಹಂಚಿಕೊಳ್ಳಬಹುದು.

ಆದರೆ ಇದು ನಿಮ್ಮಿಬ್ಬರ ನಡುವಿನ ಲೆಕ್ಕ. ಪಂಚಾಯತಿಗೆ ನಿಮ್ಮ ಕರಾರು ಗೊತ್ತಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಅದಕ್ಕಿಲ್ಲ. ಅದಕ್ಕೆ ಗೊತ್ತಿರುವುದು ಮನೆ ನಂಬ್ರ ಮಾತ್ರ. ಹಳೆಯ ಬಾಕಿ ಆ ನಂಬ್ರಕ್ಕೆ ಅಂಟಿಕೊಂಡಿರುತ್ತದೆ. ನಾಳೆ ನೀವು ಮಾಲೀಕತ್ವದ ಸರ್ಟಿಫಿಕೇಟಿಗೆ ಹೋದಾಗ "ಮೊದಲು ಬಾಕಿ ತೀರಿಸಿ" ಎನ್ನುತ್ತಾರೆ. ಬಾಕಿಯನ್ನು ರೆವೆನ್ಯೂ ರಿಕವರಿಗೆ ಹಾಕುವ, ಅಂದರೆ ಕಂದಾಯ ಬಾಕಿಯಂತೆ ವಸೂಲು ಮಾಡುವ ಅಧಿಕಾರವೂ ಇದೆ. ಮಾರಿದವರು ಗಲ್ಫಿಗೆ ಹೋಗಿ ಕೂತಿದ್ದರೆ 55ನೇ ಸೆಕ್ಷನ್ ಕೈಯಲ್ಲಿ ಹಿಡಿದು ಮಾಡುವುದೇನು?

ಲೆಕ್ಕ ಹೀಗೆ. ಅರ್ಧವರ್ಷದ ಮನೆ ತೆರಿಗೆ, ಲೈಬ್ರರಿ ಸೆಸ್ ಸೇರಿ, 910 ರೂಪಾಯಿ ಎಂದಿಟ್ಟುಕೊಳ್ಳಿ. ಆಧಾರ ನೋಂದಣಿ ನವೆಂಬರ್ 14ಕ್ಕೆ. ಎರಡನೇ ಅರ್ಧವರ್ಷದಲ್ಲಿ 182 ದಿನ, ಅಧಿಕ ವರ್ಷವಾದರೆ 183. ದಿನಕ್ಕೆ 5 ರೂಪಾಯಿ ಬಿತ್ತು. ಅಕ್ಟೋಬರ್‌ನ 31 ದಿನ, ನವೆಂಬರ್‌ನ 13 ದಿನ, ಒಟ್ಟು 44 ದಿನ ಮಾರುವವರದ್ದು: 220 ರೂಪಾಯಿ. ಉಳಿದ 138 ದಿನ ಕೊಳ್ಳುವವರದ್ದು: 690. ನೋಂದಣಿಯ ದಿನ ಯಾರ ಪಾಲಿಗೆ ಎಂಬುದನ್ನು ಕರಾರಿನಲ್ಲಿ ಬರೆದರೆ ಸಾಕು. ಕೊಳ್ಳುವವರ ಪಾಲಿಗೆ ಹಾಕುವುದು ವಾಡಿಕೆಗೆ ಹತ್ತಿರ. ಐದು ರೂಪಾಯಿಯ ವಿಷಯ. ತಿಂಗಳ ಲೆಕ್ಕದಲ್ಲಿ ಹಾಕಿದರೆ ಮಾರುವವರ ಪಾಲು 217 ರೂಪಾಯಿ ಚಿಲ್ಲರೆ ಬರುತ್ತದೆ. ಮೂರು ರೂಪಾಯಿಯೂ ವ್ಯತ್ಯಾಸವಿಲ್ಲ. ದಿನವೋ ತಿಂಗಳೋ ಎಂದು ವಾದಿಸುವವರಿಗೆ ಈ ಒಂದು ಲೆಕ್ಕ ತೋರಿಸಿದರೆ ಸುಮ್ಮನಾಗುತ್ತಾರೆ.

ತಪ್ಪು ಆಗುವುದು ಬೇರೆ ಕಡೆ. ಒಂದು, ಕಳೆದ ವರ್ಷದ ರಶೀದಿ ಹಿಡಿದು ಲೆಕ್ಕ ಹಾಕುವುದು. 2023ರ ಏಪ್ರಿಲ್‌ನಿಂದ ಕೇರಳದಲ್ಲಿ ಮನೆ ತೆರಿಗೆ ವರ್ಷಕ್ಕೆ ಶೇ. 5ರಂತೆ ಏರುತ್ತಿದೆ, ಹಾಗಾಗಿ ಚಾಲ್ತಿ ವರ್ಷದ ಡಿಮಾಂಡನ್ನೇ ತೆಗೆದು ನೋಡಬೇಕು. ಇನ್ನೊಂದು, ಏಪ್ರಿಲ್‌ನಲ್ಲೇ ಇಡೀ ವರ್ಷದ್ದು ಕಟ್ಟಿದರೆ ಸಿಗುವ ಶೇ. 5ರ ರಿಯಾಯಿತಿ. ಮಾರುವವರು ಏಪ್ರಿಲ್‌ನಲ್ಲಿ 1,820ರ ಬದಲು 1,729 ಕಟ್ಟಿದ್ದಾರೆ. ಈಗ ನವೆಂಬರ್‌ನಲ್ಲಿ ಕೊಳ್ಳುವವರಿಂದ ಅವರಿಗೆ ಬರಬೇಕಾದದ್ದು 690ವೋ, 654ವೋ? ನಮ್ಮ ಅಭಿಪ್ರಾಯ, ಕಟ್ಟಿದ ಹಣದ ಮೇಲೆಯೇ ಲೆಕ್ಕವಾಗಬೇಕು: 1,729ನ್ನು 365ರಿಂದ ಭಾಗಿಸಿ 138ರಿಂದ ಗುಣಿಸಿದರೆ 653.70. ಹಂಚಿಕೊಳ್ಳುವುದು ಖರ್ಚನ್ನು, ಕೈಯಿಂದ ಹೋಗದ ಹಣಕ್ಕೆ ಪಾಲು ಕೇಳುವುದು ಚೆಂದವಲ್ಲ. "ನಾನು ಮುಂಚೆ ಕಟ್ಟಿದ್ದಕ್ಕೆ ಸಿಕ್ಕಿದ್ದು, ಅದು ನನ್ನದು" ಎನ್ನುವವರೂ ಇದ್ದಾರೆ. ಅದೂ ತೀರಾ ತಪ್ಪು ವಾದವಲ್ಲ. ಮೂವತ್ತಾರು ರೂಪಾಯಿಗೆ ಮುನಿಸು ಕಟ್ಟಿಕೊಳ್ಳುವ ಮೊದಲು ಕರಾರಿನಲ್ಲಿ ಒಂದು ಸಾಲು ಬರೆದರೆ ಮುಗಿಯಿತು.

ದಂಡದ ಬಡ್ಡಿ ಮಾತ್ರ ಪೂರ್ತಿಯಾಗಿ ಬಾಕಿ ಇಟ್ಟವರದ್ದೇ. ಗಡುವು ಮೀರಿದ ಮೇಲೆ ತಿಂಗಳಿಗೆ ಶೇ. 2. 2024ರ ಮಾರ್ಚ್ 31ಕ್ಕೆ ಕಟ್ಟಬೇಕಾಗಿದ್ದ 910 ರೂಪಾಯಿಯನ್ನು 2025ರ ನವೆಂಬರ್‌ನಲ್ಲಿ ಕಟ್ಟಹೊರಟರೆ 20 ತಿಂಗಳಿಗೆ 364 ರೂಪಾಯಿ ದಂಡವೇ ಆಯಿತು. ಇದಕ್ಕೆ ಪಾಲುದಾರಿಕೆ ಇಲ್ಲ.

ರಶೀದಿ ಬರುವುದು ಮಲಯಾಳದಲ್ಲಿ ಎಂಬ ಕಾರಣಕ್ಕೆ ನಮ್ಮವರು ಒಟ್ಟು ಮೊತ್ತ ನೋಡಿ ಮಡಚಿಡುತ್ತಾರೆ. ಮೂರು ಶಬ್ದ ಗುರುತು ಸಿಕ್ಕಿದರೆ ಸಾಕು. 'ಒನ್ನಾಂ ಅರ್ಧವರ್ಷಂ' ಎಂದರೆ ಏಪ್ರಿಲ್‌ನಿಂದ ಸೆಪ್ಟೆಂಬರ್, 'ರಂಡಾಂ ಅರ್ಧವರ್ಷಂ' ಎಂದರೆ ಅಕ್ಟೋಬರ್‌ನಿಂದ ಮಾರ್ಚ್. 'ಕುಡಿಶ್ಶಿಕ' ಎಂದರೆ ಬಾಕಿ. ಕುಡಿಶ್ಶಿಕದ ಕಾಲಂನಲ್ಲಿ ಸೊನ್ನೆ ಇದೆಯೇ, ಕಟ್ಟಿದ್ದು ಒನ್ನಾಂಗೋ ರಂಡಾಂಗೋ, ಎರಡಕ್ಕೂ ಇದೆಯೋ ನೋಡಿ. ಒಂದೇ ಅರ್ಧವರ್ಷದ ರಶೀದಿ ತೋರಿಸಿ "ಈ ವರ್ಷದ್ದು ಕಟ್ಟಿಯಾಗಿದೆ" ಎನ್ನುವುದು ಅತಿ ಸಾಮಾನ್ಯ. ಹೇಳುವವರಿಗೇ ಅದು ಅರ್ಧ ಎಂದು ಗೊತ್ತಿರುವುದಿಲ್ಲ. ಅಂದ ಹಾಗೆ ನಮ್ಮ ಭಾಗದ ಕಚೇರಿಗಳಲ್ಲಿ ಅರ್ಜಿಯನ್ನು ಕನ್ನಡದಲ್ಲೇ ಕೊಡಬಹುದು, ಅದು ಭಾಷಾ ಅಲ್ಪಸಂಖ್ಯಾತರಿಗಿರುವ ಹಕ್ಕು.

ಕಾಗದದ ರಶೀದಿ ನೆಚ್ಚಿಕೊಳ್ಳುವುದಕ್ಕಿಂತ ಆನ್‌ಲೈನಿನಲ್ಲಿ ನೋಡುವುದು ಮೇಲು. ನಗರಸಭೆಗಳಲ್ಲಿ 2024ರ ಜನವರಿಯಿಂದ, ಗ್ರಾಮ ಪಂಚಾಯತುಗಳಲ್ಲಿ 2025ರ ಏಪ್ರಿಲ್‌ನಿಂದ ಕೆ-ಸ್ಮಾರ್ಟ್ ಎಂಬ ಆನ್‌ಲೈನ್ ಸೇವೆ ಬಂದಿದೆ. ಅದಕ್ಕೂ ಮೊದಲು ಇದ್ದದ್ದು ಸಂಚಯ. ವಾರ್ಡ್ ನಂಬ್ರ, ಮನೆ ನಂಬ್ರ ಹಾಕಿದರೆ ಬಾಕಿ ಕಾಣುತ್ತದೆ. ಇಲ್ಲಿಯೂ ಒಂದು ತೊಡಕು: ವಾರ್ಡುಗಳು ಮರುವಿಂಗಡಣೆಯಾದಾಗ ಮನೆ ನಂಬ್ರವೂ ಬದಲಾಗುತ್ತದೆ. ಹಳೆಯ ಆಧಾರದಲ್ಲಿರುವ ನಂಬ್ರ ಹಾಕಿದರೆ ಬೇರೆ ಯಾರದ್ದೋ ಮನೆ ಬಂದು ಕೂರುತ್ತದೆ. ಬಂದ ಹೆಸರು ಮಾರುವವರದ್ದೇ ಎಂದು ಖಚಿತ ಮಾಡಿಕೊಂಡೇ ಮುಂದೆ ಹೋಗಿ.

ಈಗ ಹೊಸ ಮನೆಯ ವಿಷಯ, ಅಂದರೆ ಕಟ್ಟಿ ಮಾರುವವರಿಂದ ಮೊದಲ ಸಲ ಕೊಳ್ಳುವ ಮನೆ. ಇಲ್ಲಿ ಹಂಚಲು ಅಂಕಿಯೇ ಇರುವುದಿಲ್ಲ. ಮನೆಗೆ ನಂಬ್ರ ಬಿದ್ದಿರುತ್ತದೆ, ತೆರಿಗೆ ನಿಗದಿ ಇನ್ನೂ ಆಗಿರುವುದಿಲ್ಲ. ಆಧಾರವಾಗಿ ಕೆಲವು ತಿಂಗಳ ಬಳಿಕ ಹಿಂದಿನ ಅವಧಿಯನ್ನೂ ಸೇರಿಸಿ ಡಿಮಾಂಡ್ ಬರುತ್ತದೆ, ನಿಮ್ಮ ಹೆಸರಿಗೆ. ಇದಕ್ಕಿಂತ ದೊಡ್ಡದು ತಾಲೂಕು ಆಫೀಸಿನ ಒಂದು ಸಲದ ಕಟ್ಟಡ ತೆರಿಗೆ. ಮನೆ ಪೂರ್ತಿಯಾದಾಗ ಒಡೆಯರಾಗಿದ್ದವರು ಕಟ್ಟಿಸಿದವರು, ಹಾಗಾಗಿ ನ್ಯಾಯವಾಗಿ ಅದು ಅವರದ್ದೇ. ದಿನದ ಲೆಕ್ಕದಲ್ಲಿ ಹಂಚುವ ಪ್ರಶ್ನೆಯೇ ಇಲ್ಲ. ಆದರೆ ಅದನ್ನು ಕಂತಿನಲ್ಲಿ ಕಟ್ಟಲು ಅವಕಾಶವಿದೆ. ಮೊದಲ ಕಂತಿನ ರಶೀದಿಯನ್ನೇ ಪೂರ್ತಿ ತೆರಿಗೆಯ ರಶೀದಿ ಎಂದು ಫೈಲಿಗೆ ಸೇರಿಸಿ ಕೊಡುವುದುಂಟು. ರಶೀದಿ ಸಾಲದು, ತಹಶೀಲ್ದಾರರ ತೆರಿಗೆ ನಿಗದಿ ಆದೇಶದ ಪ್ರತಿ ಕೇಳಿ. ಅದರಲ್ಲಿ ಎರಡು ಸಂಖ್ಯೆ ನೋಡಬೇಕು: ಒಟ್ಟು ತೆರಿಗೆ, ಮತ್ತು ಎಷ್ಟು ಚದರ ಮೀಟರ್‌ಗೆ ಹಾಕಿದ್ದು.

ಆ ಎರಡನೆಯ ಸಂಖ್ಯೆಯೇ ಹಳೆಯ ಮನೆಗಳಲ್ಲಿಯೂ ಕಾಟ ಕೊಡುವಂಥದ್ದು. ಕೆಳಗಿನ ಮನೆಗೆ ಅನುಮತಿ, ಮೇಲೆ ಎರಡು ಕೋಣೆ ಆಮೇಲೆ ಎಬ್ಬಿಸಿದ್ದು. ಕಾರ್ ಶೆಡ್ಡಿಗೆ ಗೋಡೆ ಕಟ್ಟಿ ಕೋಣೆ ಮಾಡಿದ್ದು. ಪಂಚಾಯತಿನ ಪುಸ್ತಕದಲ್ಲಿ 120 ಚದರ ಮೀಟರ್, ನಿಂತಿರುವುದು 175. ಯಾವಾಗಲಾದರೂ ಅಳತೆ ಆದಾಗ ಮನೆ ತೆರಿಗೆ ಹಿಂದಿನಿಂದ ಪರಿಷ್ಕರಣೆಯಾಗುತ್ತದೆ, ಕಟ್ಟಡ ತೆರಿಗೆಯ ಹಂತವೂ ಮೇಲೇರುತ್ತದೆ. ಕೊಳ್ಳುವ ಮೊದಲು ಒಂದು ಟೇಪು ಹಿಡಿದು ಹೊರಗೋಡೆಯಿಂದ ಹೊರಗೋಡೆಗೆ ಅಳೆದು ನೋಡಿ. ಚದರ ಅಡಿಯನ್ನು 10.764ರಿಂದ ಭಾಗಿಸಿದರೆ ಚದರ ಮೀಟರ್. ಪುಸ್ತಕಕ್ಕೂ ಟೇಪಿಗೂ ಹತ್ತಿಪ್ಪತ್ತು ಚದರ ಮೀಟರ್ ವ್ಯತ್ಯಾಸ ಕಂಡರೆ ಅದನ್ನು ಸರಿಪಡಿಸುವ ಕೆಲಸ ಮಾರುವವರದ್ದು, ಆಧಾರಕ್ಕೆ ಮೊದಲು.

ಮೂರು ಸಾವಿರ ಚದರ ಅಡಿಗಿಂತ ದೊಡ್ಡ ಮನೆಯಾದರೆ ಲಕ್ಷುರಿ ಟ್ಯಾಕ್ಸಿನ ಬಾಕಿಯನ್ನು ಪ್ರತ್ಯೇಕ ವಿಚಾರಿಸಿ. ಪಂಚಾಯತಿನ ಕಂಪ್ಯೂಟರಿನಲ್ಲಿ ಅದು ಕಾಣುವುದಿಲ್ಲ, ಅದು ಕಂದಾಯ ಇಲಾಖೆಯದು. ವರ್ಷಕ್ಕೆ 5,000 ಎಂದಿಟ್ಟುಕೊಂಡರೆ ಮೇಲಿನ ನವೆಂಬರ್ 14ರ ಉದಾಹರಣೆಯಲ್ಲಿ ಏಪ್ರಿಲ್ 1ರಿಂದ 227 ದಿನ ಮಾರುವವರದ್ದು, 3,110 ರೂಪಾಯಿ, ಕೊಳ್ಳುವವರದ್ದು 1,890. ಇದು ಹಂಚಿಕೊಳ್ಳುವಷ್ಟು ದೊಡ್ಡ ಮೊತ್ತ.

ಇದಕ್ಕೆ ವಿರುದ್ಧವಾದ ಸಣ್ಣ ಮನೆಯದ್ದೂ ಹೇಳಬೇಕು. 60 ಚದರ ಮೀಟರ್‌ವರೆಗಿನ, ಮಾಲೀಕರೇ ವಾಸವಾಗಿರುವ ಮನೆಗೆ ಮನೆ ತೆರಿಗೆ ವಿನಾಯಿತಿ ಇದೆ. ಫ್ಲ್ಯಾಟಿಗೆ, ವಿಲ್ಲಾಕ್ಕೆ ಇಲ್ಲ. ಮಾರುವವರು ತೆರಿಗೆ ಕಟ್ಟುತ್ತಿರಲಿಲ್ಲ ಎಂದ ಮಾತ್ರಕ್ಕೆ, ಅದನ್ನು ಕೊಂಡು ಬಾಡಿಗೆಗೆ ಬಿಡುವ ನಿಮಗೆ ಆ ವಿನಾಯಿತಿ ದಾಟಿ ಬರುವುದಿಲ್ಲ.

ಕರಾರು ಬರೆಯುವಾಗ ಈ ಒಂದು ಪರಿಚ್ಛೇದ ಸೇರಿಸಿದರೆ ಹೆಚ್ಚಿನದು ತೀರುತ್ತದೆ (ಅದರಲ್ಲಿ ಬರುವ ಹರಿತ ಕರ್ಮ ಸೇನೆ ಎಂದರೆ ಮನೆಮನೆಯಿಂದ ಕಸ ಒಯ್ಯುವ ತಂಡ):

"ಆಧಾರ ನೋಂದಣಿಯಾಗುವ ದಿನಕ್ಕೆ ಮೊದಲಿನ ದಿನದವರೆಗಿನ ಮನೆ ತೆರಿಗೆ, ವಾರ್ಷಿಕ ಲಕ್ಷುರಿ ಟ್ಯಾಕ್ಸ್, ಅವುಗಳ ಮೇಲಿನ ದಂಡ ಮತ್ತು ಹರಿತ ಕರ್ಮ ಸೇನೆಯ ಶುಲ್ಕ ಮಾರುವವರು ಭರಿಸತಕ್ಕದ್ದು, ನೋಂದಣಿಯ ದಿನದಿಂದ ಕೊಳ್ಳುವವರು ಭರಿಸತಕ್ಕದ್ದು. ಚಾಲ್ತಿ ಅವಧಿಯ ತೆರಿಗೆಯನ್ನು ನಿಜವಾಗಿ ಕಟ್ಟಿದ ಮೊತ್ತದ ಮೇಲೆ ದಿನಗಳ ಪ್ರಮಾಣದಲ್ಲಿ ಹಂಚತಕ್ಕದ್ದು. ನೋಂದಣಿಗೆ ಮೊದಲು ನಡೆದ ನಿರ್ಮಾಣಕ್ಕೆ ಸಂಬಂಧಿಸಿ ಮುಂದೆ ಬರುವ ಕಟ್ಟಡ ತೆರಿಗೆ ಮತ್ತು ಹಿಂದಿನ ಅವಧಿಯ ಪರಿಷ್ಕೃತ ಮನೆ ತೆರಿಗೆ, ಡಿಮಾಂಡ್ ಯಾವ ದಿನ ಬಂದರೂ, ಮಾರುವವರ ಹೊಣೆ."

ಕೊನೆಯ ವಾಕ್ಯದಲ್ಲಿ 'ಡಿಮಾಂಡ್ ಯಾವ ದಿನ ಬಂದರೂ' ಎಂಬುದು ಬಿಟ್ಟುಹೋಗಬಾರದು. ಅದಿಲ್ಲದಿದ್ದರೆ ಮಾರಿದವರು ಹೇಳುವುದು ಒಂದೇ ಮಾತು: ಮಾರುವ ದಿನ ಬಾಕಿ ಏನೂ ಇರಲಿಲ್ಲವಲ್ಲ! ತೆರಿಗೆ ನಿಗದಿಯಾಗದ ಹೊಸ ಮನೆಗೆ ಬರೀ ಬರಹ ಸಾಲದು. ಮನೆಯ ಬೆಲೆಯ ಕೊನೆಯ ಕಂತಿನಲ್ಲಿ ಒಂದಿಷ್ಟು ಹಣ ಹಿಡಿದಿಟ್ಟು, ಆದೇಶ ಬಂದ ಮೇಲೆ ಲೆಕ್ಕ ತೀರಿಸುವುದು ಎಂದು ಬರೆಯಿಸಿಕೊಳ್ಳಿ.

ಹಂಚಿಕೆಯ ಹಣವನ್ನು ಆಧಾರದ ಬೆಲೆಯೊಳಗೆ ಸೇರಿಸಬೇಡಿ. ಕೇರಳದಲ್ಲಿ ಶೇ. 8 ಮುದ್ರಾಂಕ, ಶೇ. 2 ನೋಂದಣಿ ಶುಲ್ಕ. ತೆರಿಗೆಯ ಪಾಲಿಗೂ ಹತ್ತು ಪರ್ಸೆಂಟ್ ಕಟ್ಟುವುದು ಯಾಕೆ? ಪ್ರತ್ಯೇಕವಾಗಿ ಬ್ಯಾಂಕಿನಿಂದ ಕಳಿಸಿ, "ಇಂಥ ಮನೆ ನಂಬ್ರದ ಇಂಥ ಅವಧಿಯ ತೆರಿಗೆಯ ಪಾಲು" ಎಂದು ಎರಡು ಸಾಲಿನ ರಶೀದಿ ಮಾಡಿಕೊಳ್ಳಿ.

ಆಧಾರದ ಬಳಿಕವೂ ಮಾರಿದವರು ಒಂದೆರಡು ತಿಂಗಳು ಅದೇ ಮನೆಯಲ್ಲಿ ಉಳಿಯುವುದುಂಟು, ಮಕ್ಕಳ ಪರೀಕ್ಷೆ ಮುಗಿಯಲಿ ಎಂದು. ಆಗ ತೆರಿಗೆ ಆಧಾರದ ದಿನಕ್ಕೆ ಕತ್ತರಿಸಲಿ. ಕರೆಂಟು, ನೀರು, ಹರಿತ ಕರ್ಮ ಸೇನೆಯ ಶುಲ್ಕ ಕೀಲಿಕೈ ಕೊಡುವ ದಿನಕ್ಕೆ ಕತ್ತರಿಸಲಿ. ಮೊದಲನೆಯದು ಒಡೆತನಕ್ಕೆ, ಎರಡನೆಯದು ಬಳಕೆಗೆ. ಕೀಲಿ ಕೊಡುವಾಗ ಮೀಟರಿನ ಫೋಟೋ ತೆಗೆದಿಡಿ, ಕೆಎಸ್‌ಇಬಿಯ ಕರೆಂಟು ಬಿಲ್ಲು ಎರಡು ತಿಂಗಳಿಗೊಮ್ಮೆ ಬರುವುದರಿಂದ ನೆನಪು ಕೈಕೊಡುತ್ತದೆ. ಮನೆಯಲ್ಲಿ ಬಾಡಿಗೆದಾರರಿದ್ದರೆ ಆ ತಿಂಗಳ ಬಾಡಿಗೆಯೂ ದಿನದ ಲೆಕ್ಕದಲ್ಲೇ ಹಂಚಿಕೆಯಾಗಬೇಕು, ಬಾಡಿಗೆದಾರರು ಕೊಟ್ಟಿರುವ ಮುಂಗಡ ಕೊಳ್ಳುವವರ ಕೈಗೆ ಬರಬೇಕು.

ಗಡಿಯಾಚೆ ಮಂಗಳೂರಿನಲ್ಲಿ ಕೊಳ್ಳುವವರಿಗೆ ಒಂದು ಮಾತು: ಅಲ್ಲಿ ಅರ್ಧವರ್ಷದ ಗೋಜಿಲ್ಲದೆ ಇಡೀ ವರ್ಷದ್ದನ್ನು ಸ್ವಯಂ ಘೋಷಣೆಯಲ್ಲಿ ಒಟ್ಟಿಗೆ ಕಟ್ಟುವುದೇ ಹೆಚ್ಚು. ಭಾಗಿಸುವುದು 182ರಿಂದಲ್ಲ, 365ರಿಂದ.

ಕೊನೆಗೆ ಹೆಸರು. ಪೋಕ್ಕುವರವು (ಜಾಗದ ಖಾತೆ ಬದಲಾವಣೆ) ಆಯಿತೆಂದರೆ ಎಲ್ಲ ಆಯಿತು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಪೋಕ್ಕುವರವು ಬದಲಿಸುವುದು ವಿಲ್ಲೇಜಿನಲ್ಲಿ, ಜಾಗದ ಹೆಸರನ್ನು. ಆಧಾರದ ವಿವರ ರಿಜಿಸ್ಟ್ರಾರ್ ಆಫೀಸಿನಿಂದ ಅಲ್ಲಿಗೆ ಆನ್‌ಲೈನಿನಲ್ಲೇ ಹೋಗುತ್ತದೆ. 2024ರ ಅಕ್ಟೋಬರ್‌ನಲ್ಲಿ ರಿಜಿಸ್ಟ್ರಾರ್, ವಿಲ್ಲೇಜ್, ಸರ್ವೆ ಕಚೇರಿಗಳನ್ನು ಜೋಡಿಸುವ 'ಎಂಡೆ ಭೂಮಿ' ಪೋರ್ಟಲ್ ಮೊದಲು ಶುರುವಾದದ್ದು ನಮ್ಮ ಜಿಲ್ಲೆಯ ಉಜಾರ್ ಉಳುವಾರಿನಲ್ಲೇ. ಆದರೆ ಮನೆಯ ಹೆಸರು ಇರುವುದು ಪಂಚಾಯತಿನ ಪುಸ್ತಕದಲ್ಲಿ. ಅದಕ್ಕೆ ಬೇರೆಯೇ ಅರ್ಜಿ: ಹೊಸ ಆಧಾರದ ಪ್ರತಿ, ನಿಮ್ಮ ಹೆಸರಿನ ತೀರ್ವೆ ರಶೀದಿ, ಬಾಕಿಯಿಲ್ಲದ ಮನೆ ತೆರಿಗೆ ರಶೀದಿ ಜೊತೆಗೆ. ಇದನ್ನು ಮಾಡದಿದ್ದರೆ ವರ್ಷಗಟ್ಟಲೆ ನೀವು ಕಟ್ಟಿದ ತೆರಿಗೆಗೆ ರಶೀದಿ ಹಳೆಯ ಮಾಲೀಕರ ಹೆಸರಿನಲ್ಲೇ ಬರುತ್ತದೆ, ನೀವು ಕಟ್ಟದೆ ಬಿಟ್ಟರೆ ನೋಟೀಸೂ ಅವರಿಗೇ ಹೋಗುತ್ತದೆ. ಹಾಗಾಗಿ ಈ ಅರ್ಜಿಯಲ್ಲಿ ಮಾರಿದವರಿಗೂ ಆಸಕ್ತಿ ಇರಬೇಕು. ಅರ್ಜಿ ಕೊಟ್ಟ ಸ್ವೀಕೃತಿಯ ಒಂದು ಪ್ರತಿಯನ್ನು ಅವರು ಕೇಳಿ ಪಡೆದಿಟ್ಟುಕೊಳ್ಳಲಿ, ಹೆಸರು ಬದಲಾದ ಮೊದಲ ರಶೀದಿ ಕೈಗೆ ಬರುವವರೆಗಾದರೂ.